ಗಲ್ಲ ಹಚ್ಚಿ ನೋಡಿದ ಕಲ್ಲು

ನಮ್ಮ ಅತ್ತೆಯ ಅಂಗೈಗಳಲ್ಲಿ ಗೆರೆಗಳೇ ಇರಲಿಲ್ಲ. ಸುಟ್ಟು ಮಾಯ್ದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು, ಬೆರಳುಗಳು ಪೂರ್ತಿ ಚಾಚುತ್ತಿರಲಿಲ್ಲ. ನನಗಿಂತ ಮೊದಲು ಆ ಮನೆಗೆ ಬಂದಿದ್ದ ಸೊಸೆ ಅಡುಗೆಮನೆಯಲ್ಲಿ ಬೆಂದು ತೀರಿಕೊಂಡಿದ್ದಳು. ಅತ್ತೆಯೇ ಬೆಂಕಿ ಹಚ್ಚಿದಳು, ಅದಕ್ಕೇ ದೇವರು ಅವಳ ಕೈ ಸುಟ್ಟ ಎಂದು ಸಿಂಧನೂರಿನ ನಮ್ಮ ಓಣಿ ತೀರ್ಪು ಕೊಟ್ಟು ಮುಗಿಸಿತ್ತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು?

ಬಳಗಾನೂರಿನ ನಮ್ಮಪ್ಪನಿಗೆ ಮೂವರು ಹೆಣ್ಣುಮಕ್ಕಳು. ಎರಡನೆಯ ಸಂಬಂಧವಾದರೇನು, ಉಣ್ಣಲು ಕೊರತೆಯಿಲ್ಲದ ಮನೆ ಎಂದು ನನ್ನನ್ನು ಕೊಟ್ಟುಬಿಟ್ಟ. ಎಂಬತ್ತರ ದಶಕದ ಕೊನೆಯ ಮಾತು. ಅತ್ತೆ ಕಡ್ಡಿಪೆಟ್ಟಿಗೆ ಹಿಡಿದರೆ ಸಾಕು, ನಾನು ಹಿತ್ತಲಿಗೆ ಓಡುತ್ತಿದ್ದೆ. ನಾನು ನೆಲದ ಮೇಲೆ ಕೂತು ಸೀಮೆಎಣ್ಣೆ ಸ್ಟೋವ್ ಹಚ್ಚುವಾಗೆಲ್ಲ ಅವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, "ಸೆರಗು ಸಿಗಿಸಿಯೇನವಾ?" ನಾನು ಗೋಡೆಗೆ ಬೆನ್ನು ಕೊಟ್ಟು, ಅವರ ಕೈ ಮೇಲೆಯೇ ಕಣ್ಣಿಟ್ಟು ಕೂರುತ್ತಿದ್ದೆ.

ಮರುವರ್ಷ ಭತ್ತ ಚೆನ್ನಾಗಿ ಬಂತು, ಮನೆ ರಿಪೇರಿಗೆ ಕೈ ಹಚ್ಚಿದರು. ನನ್ನ ಗಂಡನ ಲೆಕ್ಕದಲ್ಲಿ ಪಾಲಿಶ್ ಕಲ್ಲು ಪಡಸಾಲೆಗೆ, ಉಳಿದ ಶಾಬಾದಿ ಚೂರು ಅಡುಗೆಮನೆಗೆ. ಅತ್ತೆ ಒಪ್ಪಲಿಲ್ಲ.

"ಪಡಸಾಲಿಗೆ ಹೆಂಡಿ ಸಾರಿಸಿದ್ರ ಯಾರೂ ಸಾಯಂಗಿಲ್ಲ. ಇದ್ದ ರೊಕ್ಕೆಲ್ಲ ಅಡಗಿಮನಿಗೆ ಹಾಕು. ನಿಂತು ಮಾಡೋ ಕಟ್ಟಿ, ಮ್ಯಾಲ ಒಂದ ಸಪಾಟ ಕಲ್ಲು."

"ಬಂದ ಮಂದಿ ನಗ್ತಾರಬೇ ಯವ್ವಾ."

"ನಗಲಿ. ಅನ್ನಬಾರದ್ದ ಅಂದಾರ, ನಗೂದೇನು ದೊಡ್ಡದು?"

ಕಲ್ಲು ಆಯಲು ಲಿಂಗಸುಗೂರಿಗೆ ನನ್ನನ್ನೂ ಕರೆದುಕೊಂಡು ಹೊರಟರು. ಬಸ್ಸಿನಲ್ಲಿ ನಾನು ಅವರಿಂದ ಒಂದು ಸೀಟು ಬಿಟ್ಟು ಕೂತೆ. ಅಂಗಡಿಯಲ್ಲಿ ಶಾಬಾದಿ ಕಲ್ಲಿಗೆ ಸೆರಗಿನಲ್ಲಿ ಕಟ್ಟಿ ತಂದಿದ್ದ ಹುಣಸೆಹಣ್ಣು ತಿಕ್ಕಿದರು. ಬೆಳ್ಳಗೆ ಕಲೆ ಎದ್ದಿತು, ಬೇಡ ಎಂದರು. ಕಡಪಾದ ಕರಿಗಲ್ಲಿನ ಅಂಚು ಪದರು ಬಿಟ್ಟಿತ್ತು, ಅದೂ ಬೇಡ. ಕೊನೆಗೆ ಮುದಗಲ್ ಕಡೆಯ ಬೂದು ಗ್ರಾನೈಟಿನ ಮುಂದೆ ಬಗ್ಗಿ, ಅದಕ್ಕೆ ಗಲ್ಲ ಹಚ್ಚಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸರಿದರು.

ಅಂಗಡಿಯ ಸಾಹೇಬರು ನಕ್ಕರು. "ಕೈಲೆ ಸವರಿ ನೋಡ್ರಿ ಅಮ್ಮಾ. ಗಲ್ಲ ಯಾಕ ಹಚ್ಚಾಕತ್ತೀರಿ?"

"ಕೈಗೆ ಏನೂ ಗೊತ್ತಾಗಂಗಿಲ್ಲಪಾ. ನಮ್ಮ ಅಡಗಿಮನಿ ನೆಲ ತಗ್ಗುದಿಣ್ಣಿ ಇತ್ತು. ಸ್ಟೋವ್ ವಾಲಿ ಸೊಸಿ ಮ್ಯಾಲ ಬಿತ್ತು. ಬೆಂಕಿ ಬಡದು ನಂದಸಾಕ ಹೋದೆ. ಕೈ ಹೋದ್ವು, ಅಕಿನೂ ಉಳೀಲಿಲ್ಲ. ಇರಲಿ, ಈ ಕಲ್ಲಿಗೆ ಕಡಿಮಿ ಮಾಡಿ ಎಷ್ಟು ಹೇಳು."

ಸಾಹೇಬರ ನಗು ಅಲ್ಲೇ ನಿಂತಿತು. ವಾಪಸು ಬರುವಾಗ ಕೇಳಿದೆ, "ಇಷ್ಟು ದಿನ ಯಾಕ ಹೇಳಲಿಲ್ರಿ ಅತ್ತಿ?"

"ಹೇಳಿದ್ರ ನಂಬ್ತಿದ್ದೇನು?"

ನಂಬುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಕಿಟಕಿಯ ಕಡೆ ಮುಖ ಮಾಡಿ ಮನೆ ಬರುವವರೆಗೂ ನಾನು ಅಳುತ್ತಲೇ ಇದ್ದೆ.

ಕಟ್ಟೆ ಯಾರ ಎತ್ತರಕ್ಕೆ ಕಟ್ಟಲಿ ಎಂದು ಗೌಂಡಿ ಕೇಳಿದ. ಅತ್ತೆ ನನ್ನ ಹೆಗಲಿಗೂ ಬರುತ್ತಿರಲಿಲ್ಲ. "ಮಾಡಾಕಿ ಅಕಿ, ಅಕಿ ಮಳಕೈ ನೋಡಿ ಕಟ್ಟು," ಎಂದುಬಿಟ್ಟರು. ಹಾಗಾಗಿ ತಾವೇ ಆರಿಸಿ ತಂದ ಕಲ್ಲಿನ ಮುಂದೆ ಅವರು ಒಂದು ದಿನವೂ ನಿಂತು ಅಡುಗೆ ಮಾಡಲಿಲ್ಲ. ಕೆಳಗೆ ಕೂತು ಪುಂಡಿಪಲ್ಲೆಯ ಎಲೆ ಬಿಡಿಸುತ್ತಾ, ಸ್ಟೋವ್ ಹಚ್ಚಿದ ಸದ್ದಾದರೆ ತಲೆ ಎತ್ತಿ ಸೆರಗಿನ ಅದೇ ಮಾತು ಕೇಳುವರು. ಪಡಸಾಲೆಯ ನೆಲ ಸೆಗಣಿ ಸಾರಿಸಿದ್ದಾಗಿಯೇ ಉಳಿಯಿತು. ಬಂದವರು ನಕ್ಕರು, ಚಹಾ ಕುಡಿದು ಹೋದರು. ಓಣಿಯವರಿಗೆ ನಾನು ಎಷ್ಟು ಹೇಳಿದರೂ ಅತ್ತೆಗೆ ಹೆದರಿ ಹೇಳುತ್ತಾಳೆ ಅಂದರು. ಹಾಳಾಗಿ ಹೋಗಲಿ ಅವರ ನಾಲಿಗೆ.

ಕೆಲವು ವರ್ಷಗಳ ನಂತರ ಅತ್ತೆ ಹಾಸಿಗೆ ಹಿಡಿದರು. ತೀರಿಕೊಂಡ ದಿನ ಬೆಳಿಗ್ಗೆ ನಾನು ಪಕ್ಕದಲ್ಲಿ ಕೂತು ಆ ಅಂಗೈ ಹಿಡಿದುಕೊಂಡಿದ್ದೆ. ಕಣ್ಣು ತೆರೆಯದೆ ಹೆಸರು ಹಿಡಿದು ಕೂಗಿದರು. ನನ್ನ ಹೆಸರಲ್ಲ, ಬೆಂದು ಹೋದ ಆ ಸೊಸೆಯದು.

"ಸೆರಗು ಸಿಗಿಸಿಯೇನವಾ?"

ಅವಳ ಪರವಾಗಿ ನಾನೇ ಹೇಳಿದೆ, "ಸಿಗಿಸೀನ್ರಿ ಅತ್ತಿ. ನಿಂತ ಮಾಡಾಕತ್ತೀನಿ."