ಉಗ್ರಾಣದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು

ಆದೋನಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯಲ್ಲಿ ಒಂದು ಡಿಗ್ರಿ ಕಾಲೇಜಿದೆ. ಅಲ್ಲಿ ನಾನು ಕ್ಯಾಂಟೀನ್ ನಡೆಸುತ್ತೇನೆ. ನಮ್ಮೂರಿನ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಮೇಲೆ ನಾನು ಹಿಡಿದದ್ದು ಸೌಟು. ಬೆಳಿಗ್ಗೆ ಮಂಡಕ್ಕಿಯ ಮಂಡಾಳು ವಗ್ಗರಣಿ ಮತ್ತು ಮಿರ್ಚಿ ಬಜ್ಜಿ, ಮಧ್ಯಾಹ್ನ ಅನ್ನ ಸಾರು, ದಿನವೆಲ್ಲ ಚಹ. ಅದೇ ಕಾಲೇಜಿನಲ್ಲಿ ನನ್ನ ತಂಗಿ ಬಿ.ಎಸ್ಸಿ. ಓದುತ್ತಾಳೆ. ಅಪ್ಪ ತೀರಿಹೋದ ಮೇಲೆ ಆಕೆಯನ್ನು ಅಷ್ಟು ದೂರ ಕಳಿಸಲು ಅವ್ವ ಒಪ್ಪಿದ್ದು ಒಂದೇ ಕಾರಣಕ್ಕೆ.

"ನಿನ್ನ ಕಣ್ಣ ಮುಂದ ಇರ್ತಾಳ. ಅಷ್ಟು ಸಾಕು ನನಗ," ಎಂದಿದ್ದಳು.

ಕ್ಯಾಂಟೀನಿನ ಅಡುಗೆಮನೆಯ ಹಿಂದೆ ಒಂದು ಉಗ್ರಾಣವಿದೆ. ಕಬ್ಬಿಣದ ಬಾಗಿಲು, ಒಳಗಿನಿಂದ ದಪ್ಪ ಚಿಲಕ. ಅಕ್ಕಿ ಮೂಟೆ, ಕಡಲೆಹಿಟ್ಟು, ಎಣ್ಣೆ ಡಬ್ಬಿ, ಗೋಡೆಗೆ ಒಂದು ದೇವರ ಪಟ. ಅನ್ನ ಇರುವ ಜಾಗ, ದೇವರಿರುವ ಜಾಗ. ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗಲು ನಾನು ಯಾರನ್ನೂ ಬಿಟ್ಟವನಲ್ಲ. ನೀರು ಪರೀಕ್ಷೆ ಮಾಡಲು ಬಂದ ಅಧಿಕಾರಿಯನ್ನೂ ಬರಿಗಾಲಲ್ಲೇ ಒಳಗೆ ಕರೆದಿದ್ದೆ.

ನಾನೀಗ ಹೇಳಹೊರಟ ಘಟನೆಗೆ ಕೆಲವು ವಾರಗಳ ಮುಂಚೆ ಕಾಲೇಜಿನಲ್ಲಿ ಒಂದು ಸಭೆ ನಡೆಯಿತು. ಆಯುಧ ಹಿಡಿದವರು ಕಾಲೇಜಿಗೆ ನುಗ್ಗಿದರೆ ಜೀವ ಉಳಿಸಿಕೊಳ್ಳುವುದು ಹೇಗೆ ಎಂದು ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರು ತಿಳಿಸಿಕೊಟ್ಟರು. ಚಹ ಕೊಡಲು ಹೋದವನು ಹಿಂದೆ ನಿಂತು ಎಲ್ಲವನ್ನೂ ಕೇಳಿದೆ. ಓಡಲು ದಾರಿ ಇದ್ದರೆ ಓಡಿ. ಇಲ್ಲದಿದ್ದರೆ ಗಟ್ಟಿ ಬಾಗಿಲಿರುವ ಕೋಣೆಯಲ್ಲಿ ಅಡಗಿ, ದೀಪ ಆರಿಸಿ, ಫೋನಿನ ಸದ್ದು ತೆಗೆಯಿರಿ. ಬಾಗಿಲು ಹಾಕಿದ ಮೇಲೆ ಹೊರಗೆ ಯಾರೇ ಬಂದು ಕರೆದರೂ ತೆರೆಯಬೇಡಿ. ಹುಡುಗರು ಆಕಳಿಸಿದರು. ನಮ್ಮ ಕಾಲೇಜಿಗೆ ನುಗ್ಗಿ ಯಾರು ಏನು ಒಯ್ಯಬೇಕು ಎಂದು ನಾನೂ ನಕ್ಕೆ.

ಬಂದರು. ಕಾಲೇಜಿನ ಹೊಸ ಕಟ್ಟಡ ಕಟ್ಟಿಸುತ್ತಿದ್ದ ಗುತ್ತಿಗೆದಾರನ ಮೇಲೆ ಯಾರಿಗೋ ಹಗೆಯಿತ್ತು. ಅವನು ಕಟ್ಟಡ ನೋಡಲು ಬಂದಿದ್ದಾನೆ ಎಂದು ಯಾರೋ ಅವರಿಗೆ ಸುಳ್ಳು ಸುದ್ದಿ ಕೊಟ್ಟಿದ್ದರು. ಮಧ್ಯಾಹ್ನದ ಊಟದ ಹೊತ್ತು ಮುಗಿಯುತ್ತ ಬಂದಾಗ ಗೇಟಿನ ಕಡೆಯಿಂದ ಒಂದು ಗುಂಡಿನ ಸದ್ದು ಕೇಳಿತು. ಮದುವೆಯ ಪಟಾಕಿ ಎಂದುಕೊಂಡೆ. ಆಮೇಲೆ ವಾಚ್‌ಮನ್ ಹೆಗಲು ಹಿಡಿದುಕೊಂಡು ಓಡಿ ಬರುತ್ತಿರುವುದು ಕಂಡಿತು. ಅವನ ಬೆರಳುಗಳ ನಡುವಿನಿಂದ ರಕ್ತ ಇಳಿಯುತ್ತಿತ್ತು. ಅವನ ಹಿಂದೆ ದೂರದಲ್ಲಿ ಮಚ್ಚು ಹಿಡಿದವರು.

ಕ್ಯಾಂಟೀನಿನಲ್ಲಿದ್ದವರೆಲ್ಲ ಎದ್ದರು. ಉಗ್ರಾಣಕ್ಕೆ ಬನ್ನಿರಿ ಎಂದು ನಾನೇ ಕರೆದೆ. ಇತಿಹಾಸದ ಸಾರ್, ಲೈಬ್ರರಿಯ ಮೇಡಂ, ಊಟ ಮಾಡುತ್ತಿದ್ದ ಒಂದಷ್ಟು ಹುಡುಗರು, ಹುಡುಗಿಯರು, ಎಲ್ಲರೂ ಬಾಗಿಲಿಗೆ ನುಗ್ಗಿದರು. ವಾಚ್‌ಮನ್ನನ್ನು ಇಬ್ಬರು ಹುಡುಗರು ಎತ್ತಿಕೊಂಡು ತಂದರು. ಆಗ ನನ್ನ ಬಾಯಿಂದ ಬಂದ ಮಾತು ಇದು:

"ಚಪ್ಪಲ್ ಹೊರಗ ಬಿಡ್ರಿ."

ಯಾರೂ ನನ್ನನ್ನು ಬೈಯಲಿಲ್ಲ. ಎಲ್ಲರೂ ಬಿಟ್ಟರು. ಲೈಬ್ರರಿಯ ಮೇಡಂ ತಮ್ಮವನ್ನು ಗೋಡೆಗೆ ಹೊಂದಿಸಿ ಇಟ್ಟರು. ಇತಿಹಾಸದ ಸಾರ್ ಬೂಟು ಹಾಕಿದ್ದರು. ಮೆಟ್ಟಿಲ ಮೇಲೆ ಕೂತು ಲೇಸ್ ಬಿಚ್ಚತೊಡಗಿದರು. ಎಡಗಾಲಿನದು ಗಂಟು ಬಿದ್ದಿತ್ತು.

"ಕತ್ತರಿ ಐತೇನಪ್ಪಾ?" ಎಂದು ನನ್ನನ್ನು ಕೇಳಿದರು.

"ಬರ್ರಿ ಸಾರ್, ಅವ್ರ ಕೈಯಾಗ ಮಚ್ಚು ಐತಿ, ಅವ್ರೇ ಕತ್ತರಿಸ್ತಾರ," ಎಂದ ಒಬ್ಬ ಹುಡುಗ. ಸಾರ್ ಬೂಟನ್ನು ಗಂಟಿನ ಸಮೇತ ಎಳೆದು ಕಿತ್ತರು.

ವಾಚ್‌ಮನ್ ಕೂಡ ಹೆಗಲು ಬಿಡದೆ ಕಾಲು ಝಾಡಿಸಿ ಚಪ್ಪಲಿ ಕಳಚಿದ. ಕೊನೆಗೆ ನಾನು ನನ್ನದನ್ನು ಹೊಸ್ತಿಲಿಗೆ ತಾಗಿದಂತೆ ಬಿಟ್ಟು ಒಳಗೆ ಹೋಗಿ ಚಿಲಕ ಹಾಕಿದೆ. ಹೀಗೆ ನಾವು ಕತ್ತಲಲ್ಲಿ ಉಸಿರು ಬಿಗಿಹಿಡಿದು ಅಡಗಿದೆವು. ಹೊರಗೆ, ಒಳಗಿರುವವರು ಎಷ್ಟು ಮಂದಿ, ಗಂಡೆಷ್ಟು ಹೆಣ್ಣೆಷ್ಟು ಎಂದು ಯಾರು ಬೇಕಾದರೂ ಎಣಿಸುವ ಹಾಗೆ ಚಪ್ಪಲಿಗಳು ಸಾಲಾಗಿ ಕೂತಿದ್ದವು. ಆಗ ಅದು ಒಬ್ಬರಿಗೂ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲನ್ನು ಅಂಗೈಯಿಂದ ತಟ್ಟಿದರು.

"ಅಣ್ಣಾ, ನಾನು. ತೆಗಿ."

ನನ್ನ ತಂಗಿಯ ದನಿ. ಪ್ರಯೋಗಾಲಯದಿಂದ ಹಿಂದಿನ ದಾರಿ ಹಿಡಿದು ಬಂದಿದ್ದಳು. ನನ್ನ ಕೈ ಚಿಲಕದ ಮೇಲೆಯೇ ಇತ್ತು. ಎಳೆಯಬೇಕಿತ್ತು ಅಷ್ಟೇ. ಕೈ ಎಳೆಯಲಿಲ್ಲ.

"ಯಾರದು?" ಎಂದರು ಇತಿಹಾಸದ ಸಾರ್ ಪಿಸುದನಿಯಲ್ಲಿ.

"ಗೊತ್ತಿಲ್ಲ ಸಾರ್," ಎಂದೆ.

"ಹುಡುಗಿ ಅದಾಳ್ರಿ, ಪಾಪ. ತೆಗೀರಿ," ಎಂದರು ಮೇಡಂ.

"ಇನ್‌ಸ್ಪೆಕ್ಟರ್ ಸಾರ್ ಹೇಳ್ಯಾರಲ್ರೀ ಮೇಡಂ, ಹಾಕಿದ ಮ್ಯಾಲೆ ಯಾರಿಗೂ ತೆಗಿಬಾರ್ದು ಅಂತ," ಎಂದೆ ನಾನು.

ಆಕೆ ಮತ್ತೊಮ್ಮೆ ಕರೆದಳು, ಈ ಸಲ ಮೆಲ್ಲಗೆ. ಅವರೆಲ್ಲ ತೆಗೆಯಲು ಸಿದ್ಧರಿದ್ದರು. ಹೆಗಲಿಂದ ರಕ್ತ ಸುರಿಯುತ್ತಿದ್ದ ವಾಚ್‌ಮನ್ ಕೂಡ "ತೆಗಿ ಮಾರಾಯ" ಎಂದ. ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ನಾನೊಬ್ಬನೇ. ಬಾಗಿಲು ತೆರೆದರೆ ಮಚ್ಚು ಮೊದಲು ತಾಗುವುದು ನನಗೆ ಎಂಬ ಲೆಕ್ಕವೊಂದೇ ತಲೆಯಲ್ಲಿತ್ತು. ನಿಯಮ, ಇನ್‌ಸ್ಪೆಕ್ಟರ್, ಇವೆಲ್ಲ ನಾಲಿಗೆಯ ಮೇಲಿದ್ದವು.

ಹೊರಗೆ ದನಿ ನಿಂತಿತು. ಆಮೇಲೆ ಏನೋ ಟಪಟಪ ಸದ್ದು, ಏನನ್ನೋ ಬಾಚಿ ಬಳಿದಂತೆ. ಓಡಿಹೋದ ಹೆಜ್ಜೆ. ನಂತರ ಏನೂ ಇಲ್ಲ.

ಅದಾದ ಮೇಲೆ ಅವರು ಬಂದರು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. "ವಾಡು ಎಕ್ಕಡ್ರಾ?" ಎಂದು ಒಬ್ಬ ತೆಲುಗಿನಲ್ಲಿ ಆ ಗುತ್ತಿಗೆದಾರ ಎಲ್ಲೆಂದು ಕೇಳಿದ. ಇನ್ನೊಬ್ಬ ಉತ್ತರ ಕೊಡಲಿಲ್ಲ, ಏಕೆಂದರೆ ಅವನ ಬಾಯಲ್ಲಿ ಬೆಳಿಗ್ಗೆ ಉಳಿದ ಮಿರ್ಚಿ ಇತ್ತು. ಅವನು ಅಗಿಯುವುದು ನಮಗೆ ಕೇಳುತ್ತಿತ್ತು. ನುಂಗಿದ ಮೇಲೆ, ಉಪ್ಪು ಹೆಚ್ಚಾಗಿದೆ ಎಂದ. ಪ್ರಾಣ ಕೈಯಲ್ಲಿ ಹಿಡಿದು ನಿಂತಿದ್ದರೂ ನನಗೆ ಆ ಮಾತಿನಿಂದ ಅವಮಾನವಾಯಿತು. ಕಬ್ಬಿಣದ ಬಾಗಿಲ ಹತ್ತಿರ ಬಂದ ಒಬ್ಬ ಅದನ್ನು ಒದ್ದು, ಬರೀ ಗೋಡೌನು ಎಂದು ಹೇಳಿ ಹೊರಟುಹೋದ. ಗುತ್ತಿಗೆದಾರ ಸಿಗದೆ ಅವರು ಆಫೀಸಿನ ಗಾಜು ಒಡೆದು ಜೀಪು ಹತ್ತಿದರು.

ಪೊಲೀಸರು ಬಂದು ಕೂಗಿ ಹೇಳಿದ ಮೇಲೆ ಹೊರಬಂದೆವು. ವಾಚ್‌ಮನ್ನನ್ನು ಆಸ್ಪತ್ರೆಗೆ ಒಯ್ದರು. ಬದುಕಿದ, ಈಗಲೂ ಗೇಟಿನಲ್ಲೇ ಇದ್ದಾನೆ. ಉಳಿದವರೆಲ್ಲ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತು ನೆಲ ನೋಡಿದೆವು. ಒಂದು ಚಪ್ಪಲಿಯೂ ಇರಲಿಲ್ಲ.

"ಮಚ್ಚು ಹಿಡ್ಕೊಂಡು ಬಂದ ಮಂದಿ ಚಪ್ಪಲ್ ಕದ್ದು ಹೋಗ್ಯಾರ," ಎಂದರು ಇತಿಹಾಸದ ಸಾರ್. "ಇತಿಹಾಸದಾಗ ಇಂಥದ್ದು ಎಲ್ಲೂ ಇಲ್ಲ."

ಅದೇ ಇನ್‌ಸ್ಪೆಕ್ಟರ್ ಬಂದಿದ್ದರು. ಬೂಟಿನ ಬಣ್ಣ, ಅಳತೆ ಎಲ್ಲವನ್ನೂ ಕೇಳಿದರು. ಹಳೆಯ ಚಪ್ಪಲಿ ಒಯ್ಯಲು ಜೀಪು ಯಾಕೆ ಬೇಕು ಎಂದು ಪೇದೆಯೊಬ್ಬ ಅವರನ್ನೇ ಕೇಳಿದ. ನಾನು ಅಲ್ಲಿ ನಿಲ್ಲಲಿಲ್ಲ. ಕಾದ ನೆಲದ ಮೇಲೆ ಕುಣಿಯುತ್ತ ತಂಗಿಯನ್ನು ಹುಡುಕಿದೆ. ಹೊಸ ಕಟ್ಟಡದ ಪಾಯಿಖಾನೆಗೆಂದು ತೋಡಿದ್ದ ಗುಂಡಿಯಿಂದ ಆಕೆ ಮೈತುಂಬ ಮಣ್ಣು ಮಾಡಿಕೊಂಡು ಮೇಲೆ ಹತ್ತುತ್ತಿದ್ದಳು. ಕೈ ಕೊಟ್ಟೆ. ಆಕೆ ಕೈ ಹಿಡಿಯದೆ ತಾನೇ ಹತ್ತಿದಳು.

"ಎಲ್ಲಿದ್ದೀ?" ಎಂದೆ.

"ಕಾಣಂಗಿಲ್ಲೇನು?" ಎಂದಳು.

ಕೆಲಸ ಮತ್ತೆ ಶುರುವಾದಾಗ ಕೂಲಿಯವರಿಗೆ ಆ ಗುಂಡಿಯ ತಳದಲ್ಲಿ ಚಪ್ಪಲಿಗಳು ಸಿಕ್ಕವು. ಎಲ್ಲವೂ ಒಂದೇ ರಾಶಿಯಲ್ಲಿ, ಸಾರ್ ಅವರ ಬೂಟೂ ಸೇರಿ. ದಾಳಿಕೋರರು ತಪ್ಪಿಸಿಕೊಳ್ಳುವ ಅವಸರದಲ್ಲಿ ಕದ್ದ ಮಾಲನ್ನು ಎಸೆದು ಹೋಗಿದ್ದಾರೆ ಎಂದು ಎಲ್ಲರೂ ಒಪ್ಪಿಕೊಂಡರು. ಜವಾನ ಚಪ್ಪಲಿಗಳನ್ನು ತೊಳೆದು ಆಫೀಸಿನ ಮುಂದೆ ಒಣಗಲು ಇಟ್ಟಿದ್ದ. ನನ್ನದನ್ನು ಎತ್ತಿಕೊಳ್ಳುವಾಗ ಆ ಟಪಟಪ ಸದ್ದು ಏನೆಂದು ನನಗೆ ತಿಳಿಯಿತು. ನಾನು ತೆಗೆಯದ ಬಾಗಿಲ ಮುಂದೆ ಬಗ್ಗಿ, ಮಚ್ಚಿನವರು ಬರುವ ಮೊದಲು, ನಮ್ಮೆಲ್ಲರ ಚಪ್ಪಲಿಯನ್ನು ಆಕೆ ಹೆಗಲ ಮೇಲಿನ ಓಢಣಿಗೆ ತುಂಬಿಕೊಂಡಿದ್ದಳು. ಅದಕ್ಕೆ ಹಿಡಿದ ಹೊತ್ತಿನಲ್ಲಿ ಆಕೆ ರಸ್ತೆ ದಾಟಿ ಹೊಲ ಸೇರಬಹುದಿತ್ತು.

ಮರುವಾರ ನನಗೆ ಸನ್ಮಾನ. ಶಾಲು, ಹಾರ. ನಿಯಮವನ್ನು ಅಕ್ಷರಶಃ ಪಾಲಿಸಿದ ಏಕೈಕ ವ್ಯಕ್ತಿ ಎಂದು ಇನ್‌ಸ್ಪೆಕ್ಟರ್ ನನ್ನ ಬೆನ್ನು ತಟ್ಟಿದರು. ಹೊರಗೆ ಒಂದು ಹುಡುಗಿಯ ದನಿ ಕೇಳಿದರೂ ಈತ ಕರಗಲಿಲ್ಲ, ಅದು ದಾಳಿಕೋರರ ಮೋಸವೂ ಆಗಿರಬಹುದಿತ್ತು ಎಂದು ಇತಿಹಾಸದ ಸಾರ್ ಭಾಷಣ ಮಾಡಿದರು. ತಂಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಚಪ್ಪಾಳೆ ತಟ್ಟಿದಳು. ನಾನು ಮೈಕಿನ ಮುಂದೆ ನಿಂತು, ಇವತ್ತು ಚಹ ಎಲ್ಲರಿಗೂ ಪುಕ್ಕಟೆ ಎಂದಷ್ಟೇ ಹೇಳಿ ಇಳಿದೆ.

ಸಭೆ ಮುಗಿದ ಮೇಲೆ ಸಾರ್ ಅವರನ್ನು ಒಂದು ಕಡೆ ಕರೆದು, ಆ ದನಿ ನನ್ನ ತಂಗಿಯದೇ, ನನಗೆ ಆಗಲೇ ಗೊತ್ತಿತ್ತು ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರು ಬಂದಿತ್ತು.

"ಹಂಗಾರ ಇದು ಇನ್ನೂ ದೊಡ್ಡ ತ್ಯಾಗಪ್ಪಾ," ಎಂದರು.

ಅಂದು ಊರಿಗೆ ಆಟೊದಲ್ಲಿ ಹೋಗುವಾಗ ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು, ಬೇರೆ ಜಾಗವಿರಲಿಲ್ಲ.

"ನೀ ಕರದದ್ದು ಕೇಳಿಸಿತ್ತು ನನಗ," ಎಂದೆ.

"ಗೊತ್ತೈತಿ."

"ಒಳಗ ನಾ ಇದ್ದದ್ದು ಹೆಂಗ ಗೊತ್ತಾತು?"

"ನಿನ್ನ ಚಪ್ಪಲ್ ಎಲ್ಲಾರ್ದಕಿಂತ ಬಾಗಿಲಿಗೆ ಹತ್ತಿರ ಇತ್ತು."

"ಮತ್ತ ಯಾಕ ಎತ್ಕೊಂಡು ಹೋದಿ?"

"ಬಿಟ್ಟು ಹೋಗ್ಬೇಕಿತ್ತೇನು?"

"ಸಿಟ್ಟು ಐತೇನು ನನ್ನ ಮ್ಯಾಲೆ?"

"ಐತಿ," ಎಂದು ರಸ್ತೆ ನೋಡಿದಳು. "ಅವ್ವಗ ನೀನ ಹೇಳು. ನಾ ಹೇಳಂಗಿಲ್ಲ."

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಅತ್ತೆ ಶಾಲು ನೋಡಲೆಂದೇ ಬಂದು ಕೂತಿದ್ದಳು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ.

"ಸಾಕು ಬಿಡು, ನನ್ನ ಮಗ ಮೊದ್ಲಿಂದ ಹಂಗ. ತನ್ನ ದೊಡ್ಡಸ್ತಿಕಿ ತಾ ಹೇಳ್ಕೊಳ್ಳಂಗಿಲ್ಲ," ಎಂದಳು ಅವ್ವ ಅತ್ತೆಯ ಕಡೆ ತಿರುಗಿ. ಆಮೇಲೆ ನಗುತ್ತಲೇ ತಂಗಿಯನ್ನು ಕೇಳಿದಳು: "ಏನಂತಾನ ನೋಡು ಇವ. ನೀ ಹೊರಗಿದ್ದೇನು?"

"ಇದ್ದೆ," ಎಂದಳು ತಂಗಿ.

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

"ಮತ್ತ ಸಭಾದಾಗ ಚಪ್ಪಾಳಿ ಹೊಡ್ದಿ ಅಂದ್ನಲ್ಲ ಇವ?"

"ಎಲ್ಲಾರೂ ಹೊಡದ್ರವ್ವಾ."

ಹೆಂಚಿನ ಮೇಲಿನ ರೊಟ್ಟಿ ಕರಕಾಗಿ ಹತ್ತಿದ ವಾಸನೆ ಬಂತು. ಅತ್ತೆ ಶಾಲನ್ನು ಮಡಚಿ ಮೆಲ್ಲಗೆ ಕೆಳಗಿಟ್ಟು, ಕುರಿ ಬರುವ ಹೊತ್ತಾಯಿತೆಂದು ಎದ್ದುಹೋದಳು. ಅವ್ವ ಹತ್ತಿದ ರೊಟ್ಟಿಯನ್ನು ತೆಗೆದು ಬದಿಗಿಟ್ಟು ಹೊಸದೊಂದು ಬಡಿದಳು. ತಂಗಿಯನ್ನು ಒಲೆಯ ಹತ್ತಿರ ಕರೆದು ತನ್ನ ಮಗ್ಗುಲಿಗೆ ಕೂಡಿಸಿಕೊಂಡು, ಬಿಸಿ ಬಿಸಿ ಇರುವಾಗಲೇ ಆಕೆಯ ತಾಟಿಗೆ ಹಾಕಿದಳು. ನಾನು ನನ್ನ ತಾಟನ್ನು ನಾನೇ ತಂದುಕೊಂಡು, ಬದಿಗಿಟ್ಟಿದ್ದ ರೊಟ್ಟಿಯನ್ನು ಹಾಕಿಕೊಂಡೆ. ಬೇಡ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ.