ಅಪ್ಪನ ಗಾಳ, ಅಮ್ಮನ ಭುಜ

ಹೋದ ಭಾನುವಾರ ನಮ್ಮಪ್ಪ ತಟ್ಟೆಯಲ್ಲಿದ್ದ ಮುದ್ದೆ ತೆಗೆದು ನಾಯಿಗೆ ಹಾಕಿದ. ನಾಯಿ ತಿಂದಿತು. ಬಾಲ ಅಲ್ಲಾಡಿಸಿ ಇನ್ನೊಂದು ಇದೆಯಾ ಅಂತ ನೋಡಿತು.

ನಾಯಿಗೆ ಮುದ್ದೆ ಹಾಕುವುದು ತಪ್ಪಲ್ಲ. ನಮ್ಮ ವಕ್ಕಲೇರಿ ಕಡೆ ನಾಯಿಗಳು ಬೆಳೆಯುವುದೇ ಮುದ್ದೆ ತಿಂದು. ಆದರೆ ಅದೇ ಪಾತ್ರೆಯ ಮುದ್ದೆಯನ್ನು ಅಪ್ಪ ಅದಕ್ಕೆ ಮುಂಚೆ ತಾನೇ ತಿಂದಿದ್ದ. ಚಪ್ಪರಿಸಿ ತಿಂದಿದ್ದ. ಗೆಳೆಯರ ಮುಂದೆ ಹೊಗಳಿದ್ದ. ಆಮೇಲೆ ಗೊತ್ತಾಯಿತು, ಅದು ಮೆಷಿನ್ ತಿರುವಿದ ಮುದ್ದೆ ಅಂತ. ಅಷ್ಟೇ. ನಾಲಿಗೆ ಒಪ್ಪಿದ್ದನ್ನು ಕಿವಿ ಒಪ್ಪಲಿಲ್ಲ.

ಅವತ್ತಿನಿಂದ ನನ್ನ ಕೋಪ ಇಳಿದಿಲ್ಲ. ಹಾಗಾಗಿ ಈ ವಾರದ ಅಂಕಣದಲ್ಲಿ ನಿಮ್ಮ ಪಾಲಿಗೂ ಅದೇ.

ಮೊದಲಿನಿಂದ ಹೇಳುತ್ತೇನೆ. ಅಮ್ಮನಿಗೆ ಐವತ್ತೈದು ದಾಟಿದೆ. ಬಲಭುಜ ಹಿಡಿದುಕೊಂಡು ಎಷ್ಟೋ ತಿಂಗಳಾಯಿತು. ಕೈ ಮೇಲೆ ಎತ್ತೋಕಾಗಲ್ಲ, ಹಿಂದಕ್ಕೆ ತಿರುಗಿಸೋಕಾಗಲ್ಲ. ಮೇಲಿನ ಗೂಡಿನಲ್ಲಿರುವ ಉಪ್ಪಿನ ಡಬ್ಬಿಯನ್ನು ಎಡಗೈಯಲ್ಲಿ ತಡಕಾಡಿ ತೆಗೆಯುತ್ತಾಳೆ. ತಲೆ ಬಾಚಿಕೊಳ್ಳೋಕೂ ಆಗಲ್ಲ. ಬೆಳಿಗ್ಗೆ ಪಕ್ಕದ ಮನೆ ರತ್ನಕ್ಕ ಬಂದು ಜಡೆ ಹಾಕಿ ಹೋಗುತ್ತಾರೆ. ಸ್ಕೂಲಿಗೆ ಹೋಗುವ ಹುಡುಗಿ ಥರ ಅಮ್ಮ ಮೆಟ್ಟಿಲ ಮೇಲೆ ಕೂತು ತಲೆ ಕೊಡುತ್ತಾಳೆ. ಅದನ್ನು ನೋಡಿಕೊಂಡೇ ನಾನು ನರಸಾಪುರದ ಕಂಪನಿ ಬಸ್ಸು ಹತ್ತಬೇಕು.

ಕೋಲಾರದ ಡಾಕ್ಟರ್ ನೋಡಿದರು. ಕೈ ಹಿಡಿದು ಮೇಲೆತ್ತಿದರು. ಅಮ್ಮ ಹಲ್ಲು ಕಚ್ಚಿದಳು.

"ಹಿಂಗೇ ಎಳೆದಾಡ್ತಿದ್ರೆ ಭುಜ ಪೂರ್ತಿ ಜಾಮ್ ಆಗ್ಬಿಡುತ್ತಮ್ಮ. ಆಮೇಲೆ ತುತ್ತು ಎತ್ತೋದೂ ಕಷ್ಟ. ತಿರುವೋದು, ರುಬ್ಬೋದು, ಹಿಂಡೋದು ಎಲ್ಲಾ ನಿಲ್ಸಿ" ಅಂದರು.

ಅಪ್ಪನೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದ. ಕೆಟ್ಟವನಲ್ಲ ನಮ್ಮಪ್ಪ. ಬರುವಾಗ ದಾರಿಯಲ್ಲಿ ನಿಲ್ಲಿಸಿ ಮೂಸಂಬಿ ತಂದ. ಮನೆಗೆ ಬಂದವನೇ ಅಮ್ಮನನ್ನು ಕೂರಿಸಿ ಹೇಳಿದ:

"ನೋಡು, ಡಾಕ್ಟ್ರು ಹೇಳಿದ್ದು ಕೇಳಿಸ್ತಲ್ಲ. ಇನ್ಮೇಲೆ ನೀನು ಯಾವ ಕೆಲಸನೂ ಮುಟ್ಬೇಡ. ಸುಮ್ನೆ ಕೂತ್ಕೊ. ಬರೀ ಮುದ್ದೆ ಒಂದು ಮಾಡ್ಬಿಡು, ಸಾಕು."

ಬರೀ ಮುದ್ದೆ. ಒಂದು.

(ಮುದ್ದೆ ಮಾಡುವುದನ್ನು ನೀವು ಯಾವತ್ತಾದರೂ ಹತ್ತಿರ ಕೂತು ನೋಡಿದ್ದೀರಾ? ತಿನ್ನುವುದಲ್ಲ, ಮಾಡುವುದು. ಎಸರು ಕುದಿಸಿ, ರಾಗಿ ಹಿಟ್ಟು ಸುರಿದು, ಬೇಯಿಸಿ, ಪಾತ್ರೆ ಕೆಳಗಿಳಿಸಿ, ಬಟ್ಟೆ ಸುತ್ತಿ ಎರಡು ಪಾದದ ನಡುವೆ ಒತ್ತಿ ಹಿಡಿದು, ಕೋಲು ಹಾಕಿ ತಿರುವಬೇಕು. ಸ್ವಲ್ಪ ಸಡಿಲ ಬಿಟ್ಟರೆ ಗಂಟು. ಅದು ಅಡುಗೆಯಲ್ಲ, ಕುಸ್ತಿ. ಆ ಕುಸ್ತಿ ಪೂರ್ತಿ ಬಲಭುಜದ್ದು.)

ನಾನು ಸೀದಾ ಹೋಗಿ ಮುದ್ದೆ ಮಾಡುವ ಮೆಷಿನ್ ತಂದೆ. ಕೋಲಾರದ ಅಂಗಡಿಯಲ್ಲಿ ಮಿಕ್ಸಿ, ಗ್ರೈಂಡರ್ ಪಕ್ಕದಲ್ಲೇ ಇಟ್ಟಿದ್ದರು. ಒಂದು ಪಾತ್ರೆ, ಮೇಲೊಂದು ಮೋಟರು, ಒಳಗೆ ತಿರುಗುವ ಕೈ. ಅಂಗಡಿಯವನು ನನ್ನ ಮುಖ ನೋಡಿ, "ಮದ್ವೆ ಫಿಕ್ಸ್ ಆಯ್ತಾ ಬ್ರದರ್?" ಅಂದ.

"ಇಲ್ಲ, ನಮ್ಮಮ್ಮಂಗೆ."

"ಅಮ್ಮಂಗೆ ಯಾಕೆ ಬ್ರದರ್? ಅವ್ರಿಗೆ ಅಭ್ಯಾಸ ಇರುತ್ತಲ್ಲ."

ಮಾರುವವನೇ ಹೀಗಂದರೆ ಕೊಳ್ಳುವವನು ಎಲ್ಲಿಗೆ ಹೋಗಬೇಕು?

ಮನೆಗೆ ತಂದು ಡಬ್ಬ ಬಿಚ್ಚಿದೆ. ಅಪ್ಪ ಹತ್ತಿರ ಬರಲಿಲ್ಲ. ಕೊಟ್ಟಿಗೆಯಲ್ಲಿ ಹಾವು ಕಂಡವನ ಹಾಗೆ ದೂರದಲ್ಲೇ ನಿಂತ.

"ಏನ್ಲಾ ಅದು?"

"ಮುದ್ದೆ ಮೆಷಿನ್ನು."

"ವಾಪಸ್ ಕೊಟ್ಬಿಟ್ಟು ಬಾ. ಮನೇಲಿ ಹೆಂಗಸಿಲ್ವಾ?"

"ಹೆಂಗಸಿದಾಳೆ. ಭುಜ ಇಲ್ಲ."

"ಮೆಷಿನ್ ಮುದ್ದೆ ಗಂಟ್ಲಲ್ಲಿ ಇಳಿಯಲ್ಲ ಕಣೋ. ಮುದ್ದೆಗೆ ಕೈ ಬಿಸಿ ತಗುಲ್ಬೇಕು. ನಮ್ಮವ್ವ ಇದ್ದಾಗ..."

ನಮ್ಮಜ್ಜಿಯ ಹೆಸರು ಬಂದರೆ ನಮ್ಮ ಮನೆಯಲ್ಲಿ ಮಾತು ಮುಗಿಯಿತು ಅಂತ ಅರ್ಥ. ಅಮ್ಮ ಎದ್ದಳು. "ಬಿಡೋ, ಯಾಕೆ ಸುಮ್ನೆ" ಅನ್ನುತ್ತಾ ಮೆಷಿನ್ನನ್ನು ಅಡುಗೆಮನೆ ಮೂಲೆಗೆ ತಳ್ಳಿ, ಮೇಲೆ ಬಿದಿರು ಬುಟ್ಟಿ, ನಮ್ಮ ಕಡೆಯ ಮಂಕರಿ, ಕವುಚಿ ಹಾಕಿದಳು. ಕೋಳಿಮರಿ ಮುಚ್ಚಿಡುವ ಹಾಗೆ.

ಈಗ ಅಪ್ಪನ ವಿಷಯಕ್ಕೆ ಬರೋಣ. ಅಪ್ಪನಿಗೆ ಅರವತ್ತು ಹತ್ತಿರ. ಒಂದೆರಡು ಹಸು, ಸ್ವಲ್ಪ ಟೊಮೇಟೊ. ಉಳಿದ ಹೊಲವನ್ನು ಬೇರೆಯವರಿಗೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದಾನೆ. ಟೈಮಿದೆ. ಟೈಮಿರುವ ಈ ವಯಸ್ಸಿನ ಗಂಡಸರಿಗೆ ನಮ್ಮ ಕಡೆ ಈಗ ಒಂದು ಹೊಸ ಹುಚ್ಚು ಹಿಡಿದಿದೆ. ಮೀನು ಹಿಡಿಯುವುದು.

ನಾನು ಚಿಕ್ಕವನಾಗಿದ್ದಾಗ ಕೆರೆ ಅಂದರೆ ನಮಗೆ ಕ್ರಿಕೆಟ್ ಗ್ರೌಂಡು. ಈಗ ಅಲ್ಲಿ ನೀರಿದೆ, ನೀರಲ್ಲಿ ಮೀನಿದೆ, ಏರಿಯ ಮೇಲೆ ಸಾಲಾಗಿ ಊರಿನ ಮಾವಂದಿರು, ಚಿಕ್ಕಪ್ಪಂದಿರು ಕೂತಿದ್ದಾರೆ. ಮನೆಯಲ್ಲಿ ಹೆಂಡತಿ ಎರಡು ಸಲ ಕೂಗಿದರೆ ರೇಗುವವರು, ಒಂದು ಮೀನಿಗಾಗಿ ಮಧ್ಯಾಹ್ನವೆಲ್ಲ ಉಸಿರು ಬಿಗಿ ಹಿಡಿದು ಕಾಯುತ್ತಾರೆ. ಈ ತಾಳ್ಮೆ ಇಷ್ಟು ವರ್ಷ ಎಲ್ಲಿತ್ತು?

ಹವ್ಯಾಸ ಇರಲಿ, ನಾನು ಬೇಡ ಅನ್ನಲ್ಲ. ದುಡಿದ ಮೈ, ಒಂದಿಷ್ಟು ಹೊತ್ತು ಗಾಳಿಗೆ ಕೂರಲಿ. ಆದರೆ ಈ ವಯಸ್ಸಿನಲ್ಲಿ ಹವ್ಯಾಸ ಒಂದೇ ಬರಲ್ಲ, ಹಿಂದೆ ಸಾಮಾನು ಬರುತ್ತದೆ. ಮೊದಲು ಬಿದಿರು ಕೋಲು. ಆಮೇಲೆ ಮೊಬೈಲಲ್ಲಿ ವಿಡಿಯೋ. ಆಮೇಲೆ ಪಾರ್ಸಲ್ಲು. ಮಡಚುವ ಕುರ್ಚಿ ಬಂತು. ಅಗಲ ಟೋಪಿ ಬಂತು. ಪ್ಲಾಸ್ಟಿಕ್ ಮೀನು ಬಂತು (ಮೀನು ಹಿಡಿಯೋಕೆ ಮೀನು ಕೊಂಡವರನ್ನು ನಾನು ಅವತ್ತೇ ಮೊದಲು ನೋಡಿದ್ದು). ಕೊನೆಗೆ ರೀಲ್ ಇರುವ ರಾಡು ಬಂತು. ಸಣ್ಣ ಹಿಡಿಯೊಂದನ್ನು ತಿರುಗಿಸಿದರೆ ಸಾಕು, ದಾರ ತಾನಾಗೇ ಸುತ್ತಿಕೊಳ್ಳುತ್ತದೆ.

ಭಾನುವಾರ ಅಪ್ಪ ತನ್ನ ಏರಿ ಗೆಳೆಯರನ್ನು ಊಟಕ್ಕೆ ಕರೆದ. ಬೆಳಿಗ್ಗೆಯೇ ಒಂದು ಬಕೆಟ್ ಜಿಲೇಬಿ ಮೀನು ಹಿಡಿದು ತಂದಿಟ್ಟ. ಮೀನು ಸಾರು ಅಂದ ಮೇಲೆ ಮುದ್ದೆ ಇರಲೇಬೇಕು. ಬರೀ ಅನ್ನ ಬಡಿಸಿದರೆ ನಮ್ಮಲ್ಲಿ ಅದು ಊಟ ಅಲ್ಲ, ಅವಮಾನ.

"ದೊಡ್ಡ ಪಾತ್ರೆ ಇಡೇ" ಅಂದು ಅಪ್ಪ ಗೆಳೆಯರನ್ನು ಕರೆತರಲು ಹೊರಟ.

ಅಮ್ಮ ಎಸರಿಟ್ಟಳು. ಕೋಲು ಹಿಡಿದು ಕೂತಳು. ಒಂದು ಸುತ್ತು ಕೂಡ ತಿರುವಲಿಲ್ಲ, ಕೋಲು ಜಾರಿ ಕೆಳಗೆ ಬಿತ್ತು. ಎಡಗೈಯಲ್ಲಿ ಭುಜ ಒತ್ತಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆ ಮಂಕರಿ ತೆಗಿಯೋ. ಬಾಗ್ಲು ಹಾಕ್ಬಿಡು, ಸದ್ದು ಆಚೆ ಹೋಗ್ಬಾರ್ದು."

ಸ್ವಂತ ಮನೆಯಲ್ಲಿ, ಸ್ವಂತ ರಾಗಿಯ ಮುದ್ದೆಯನ್ನು ನಾವಿಬ್ಬರೂ ಕಳ್ಳಭಟ್ಟಿ ಕಾಯಿಸುವವರ ಹಾಗೆ ಮಾಡಿದೆವು. ಮೆಷಿನ್ ತಿರುವಿತು. ಅಮ್ಮ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದಳು. ನುಣ್ಣಗೆ, ಹೊಳೆಯುವ ಹಾಗೆ.

ಜಗಲಿಯಲ್ಲಿ ಎಲೆ ಹಾಕಿದ್ದಾಯಿತು. ಅಪ್ಪನಿಗೆ ಮಾತ್ರ ಅವನ ತಟ್ಟೆಯೇ ಆಗಬೇಕು. ಎಡಗೈಯಲ್ಲಿ ಬಡಿಸಿದರೆ ತಪ್ಪಲ್ಲವೇ? ಅಮ್ಮ ಬಲಗೈಯಲ್ಲಿ ಸೌಟು ಹಿಡಿದು, ಅದರ ಕೆಳಗೆ ಎಡಗೈ ಆಸರೆ ಕೊಟ್ಟುಕೊಂಡು ಬಡಿಸಿದಳು. ಅದನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಮೀನಿನ ಮೇಲೆ.

ಗೆಳೆಯರಲ್ಲಿ ಚೆಂಗಲರಾಯಪ್ಪ ಅಂತ ಒಬ್ಬರು. ಮುಳಬಾಗಿಲು ಕಡೆಯವರು, ಮನೆಮಾತು ತೆಲುಗು. ಮೊದಲ ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದವರೇ ಅಮ್ಮನನ್ನು ಕೂಗಿದರು.

"ವದಿನಾ, ಸಂಗಟಿ ಅಂಟೇ ಇದೀ. ಮುದ್ದೆ ಅಂದ್ರೆ ಇದು ಅತ್ತಿಗೆ. ನಮ್ಮನೇಲೂ ಮಾಡ್ತಾರೆ ಮುದ್ದೆ, ಗೋಡೆಗೆ ಹೊಡೆದ್ರೆ ವಾಪಸ್ ಬರುತ್ತೆ."

ಅಪ್ಪನ ಎದೆ ಉಬ್ಬಿತು. "ಕೈ ಮುದ್ದೆ ಕಣಯ್ಯಾ. ನಮ್ ಹುಡುಗ ಅದ್ಯಾವುದೋ ಮೆಷಿನ್ ತಂದಿದ್ದ. ಮುಟ್ಟೋಕೆ ಬಿಡಲಿಲ್ಲ ನಾನು. ಮೆಷಿನ್‌ಗೂ ಕೈಗೂ ಇರೋ ವ್ಯತ್ಯಾಸ ನಾಲಿಗೆ ಇರೋನಿಗೆ ಗೊತ್ತಾಗುತ್ತೆ."

ನಾಲಿಗೆ ಇರೋನು. ಸರಿ.

ಮುದ್ದೆ ಸಾಲಲಿಲ್ಲ. ಅಮ್ಮ ಇನ್ನೊಂದು ಸಲ ಮಾಡೋಕೆ ಒಳಗೆ ಹೋಗಿ ಸ್ವಿಚ್ ಹಾಕಿದಳು. ಗಡಿಬಿಡಿಯಲ್ಲಿ ಬಾಗಿಲು ಹಾಕುವುದು ಇಬ್ಬರಿಗೂ ಮರೆತಿತ್ತು. ಮೋಟರು ಗುಂಯ್ ಅಂದಿತು.

ಅಪ್ಪ ಎಂಜಲು ಕೈಯಲ್ಲೇ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಮೆಷಿನ್ ನೋಡಿದ. ಅಮ್ಮನನ್ನು ನೋಡಿದ. ಅಮ್ಮ ಕದ್ದು ಸಿಕ್ಕಿಬಿದ್ದವಳ ಹಾಗೆ ನಿಂತಿದ್ದಳು. ಅವಳು ಯಾರದ್ದು ಏನು ಕದ್ದಿದ್ದಳು?

ಅಪ್ಪ ವಾಪಸ್ ಹೋಗಿ ತನ್ನ ತಟ್ಟೆಯಲ್ಲಿದ್ದ ಎರಡನೇ ಮುದ್ದೆ ಎತ್ತಿ ನಾಯಿಗೆ ಹಾಕಿದ. "ಅದಕ್ಕೇ ಬೆಳಿಗ್ಗೆಯಿಂದ ಹೊಟ್ಟೆ ಹಿಡ್ಕೊಂಡಂಗೆ ಇರೋದು" ಅಂದ. (ಬೆಳಿಗ್ಗೆ ತಿಂದಿದ್ದು ಇಡ್ಲಿ.)

ನಾನು ಸುಮ್ಮನಿರಲಿಲ್ಲ. "ಈಗ ತಾನೇ ಚೆನ್ನಾಗಿದೆ ಅಂದ್ಯಲ್ಲಪ್ಪ."

"ಗೊತ್ತಿಲ್ದೆ ಅಂದೆ."

"ಗೊತ್ತಿಲ್ದೆ ಇದ್ದಾಗ ಚೆನ್ನಾಗಿದ್ದಿದ್ದು ಗೊತ್ತಾದ್ಮೇಲೆ ಹೆಂಗೆ ಕೆಡುತ್ತೆ?"

"ಲೇ, ನಾಲ್ಕು ಜನರ ಮುಂದೆ ಎದುರುತ್ತರ ಕೊಡ್ತೀಯೇನೋ?"

"ಮತ್ತೆ ನಿಂಗ್ಯಾಕೆ ರೀಲು? ಬಿದಿರು ಕೋಲು ಇತ್ತಲ್ಲ. ತಾತ ಅದರಲ್ಲೇ ಹಿಡೀತಿದ್ದಿದ್ದು ಅಂತ ನೀನೇ ಹೇಳ್ತಿದ್ದೆ."

ಅಪ್ಪ ಉತ್ತರ ಕೊಟ್ಟ. ಯೋಚನೆ ಕೂಡ ಮಾಡಲಿಲ್ಲ.

"ಬಿದಿರು ಕೋಲು ಎಸೆದೂ ಎಸೆದೂ ಭುಜ ನೋಯುತ್ತೆ ಕಣೋ. ವಯಸ್ಸಾಯ್ತಲ್ಲ."

ಚೆಂಗಲರಾಯಪ್ಪ ಮೀನಿನ ಮುಳ್ಳು ಬಿಡಿಸೋಕೆ ಶುರು ಮಾಡಿದರು. ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ ಅಂತ ಕಾದೆ. ಒಬ್ಬರೂ ಬಿಡಲಿಲ್ಲ. ಹೇಗೆ ಬಿಡುತ್ತಾರೆ? ಎಲ್ಲರ ಮನೆ ಒಲೆ ಮುಂದೆಯೂ ಅಂಥದ್ದೊಂದು ಭುಜ ಇದೆಯಲ್ಲ.

ಅಮ್ಮ ಏನು ಮಾಡಿದಳು ಗೊತ್ತಾ? ನನ್ನನ್ನು ಬೈದಳು.

"ಉಣ್ಣೋರ ಮುಂದೆ ಜಗಳ ತೆಗೀತಾರೇನೋ? ನಡಿ ಒಳಗೆ."

ಪ್ಲಗ್ಗು ಕಿತ್ತಳು. ಹಿಟ್ಟನ್ನು ಹಳೆ ಪಾತ್ರೆಗೆ ಸುರಿದಳು. ಪಾದದ ನಡುವೆ ಇಟ್ಟುಕೊಂಡು ಕೂತಳು. ನಾನು ಕೋಲು ಕಿತ್ತುಕೊಳ್ಳೋಕೆ ಹೋದರೆ ಕೊಡಲಿಲ್ಲ. "ನೀನು ತಿರುವಿದ್ರೆ ಗಂಟಾಗುತ್ತೆ. ಮತ್ತೆ ಅದಕ್ಕೊಂದು ಮಾತು ಕೇಳ್ಬೇಕು ನಾನು." ಹಲ್ಲು ಕಚ್ಚಿಕೊಂಡು ತಿರುವಿದಳು. ಡಾಕ್ಟರ್ ಕೈಯೆತ್ತಿದಾಗ ಕಚ್ಚಿದ್ದಳಲ್ಲ, ಹಾಗೇ.

ಆ ಮುದ್ದೆಯಲ್ಲಿ ಗಂಟಿತ್ತು. ನಾನು ನೋಡಿದೆ. ಅಪ್ಪ ಅದನ್ನು ತಿಂದು, "ಇದು ನೋಡು ಮುದ್ದೆ" ಅಂದ.

ಸೋಮವಾರ ಬೆಳಿಗ್ಗೆ ಜಡೆ ಹಾಕುತ್ತಾ ರತ್ನಕ್ಕ ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದರು. "ಆ ಮೆಷಿನ್ನು ಸುಮ್ನೆ ಬಿದ್ದಿರುತ್ತಲ್ಲ, ನಂಗೆ ಕೊಡೇ. ನಮ್ಮನೆಯೋರು ಮಾಲೂರಿನ ರೈಲು ಹತ್ತಿದ್ಮೇಲೆ ಮಾಡಿಟ್ಬಿಡ್ತೀನಿ. ಊರಲ್ಲಿ ಮಾತ್ರ ಹೇಳ್ಬೇಡ." ಅಂದರೆ ಮಂಕರಿ ಇರುವುದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ.

ಒಂದು ಮಾತು ಕೇಳುತ್ತೇನೆ. ತಾತ ನೇಗಿಲು ಹಿಡಿದಿದ್ದ, ಅಪ್ಪನ ಕಾಲಕ್ಕೆ ಟಿಲ್ಲರ್ ಬಂತು. ಬೆನ್ನಿಗೆ ಕಟ್ಟಿಕೊಂಡು ಕೈಯಲ್ಲಿ ಒತ್ತುವ ಔಷಧಿ ಪಂಪು ಹೋಗಿ ಬ್ಯಾಟರಿ ಪಂಪು ಬಂತು. ಟೊಮೇಟೊಗೆ ಕೈ ಬಿಸಿ ತಗುಲಬೇಕು ಅಂತ ಆಗ ಯಾರಾದರೂ ಅಂದರಾ? ಹೊಲಕ್ಕೆ ಮೆಷಿನ್ ಬಂದರೆ ಬುದ್ಧಿವಂತಿಕೆ. ಒಲೆ ಮುಂದೆ ಬಂದರೆ ಸೋಮಾರಿತನ. ರುಚಿ, ಸಂಪ್ರದಾಯ, ಅಜ್ಜಿ ಎಲ್ಲರೂ ಅಡುಗೆಮನೆ ಬಾಗಿಲಲ್ಲೇ ಯಾಕೆ ಅಡ್ಡ ನಿಲ್ಲುತ್ತಾರೆ?

(ಅಷ್ಟು ಉರಿ ಇದ್ದರೆ ನೀನೇ ಮಾಡಪ್ಪ ಮುದ್ದೆ, ಅಂತೀರಿ. ಮಾಡಿದೆ. ಮಂಗಳವಾರ, ಶಿಫ್ಟ್ ಮುಗಿಸಿ ಬಂದು. ಅಪ್ಪ ಮುರಿದು ನೋಡಿ, "ಗಾರೆ ಕಲಸೋನ ಕೈ" ಅಂತ ಪಕ್ಕಕ್ಕೆ ಸರಿಸಿದ. ಬುಧವಾರ ನಾನು ಬರುವಷ್ಟರಲ್ಲಿ ಅಮ್ಮ ತಾನೇ ತಿರುವಿಟ್ಟಿದ್ದಳು.)

ಗುರುವಾರ ಅಪ್ಪನ ಹೆಸರಿಗೆ ಒಂದು ಪಾರ್ಸಲ್ ಬಂತು. ಮತ್ತೊಂದು ಪ್ಲಾಸ್ಟಿಕ್ ಮೀನು ಇರಬೇಕು ಅಂತ ನಾನೇ ಹರಿದು ಬಿಚ್ಚಿದೆ. ಮೀನಲ್ಲ. ಭುಜಕ್ಕೆ ಕಟ್ಟುವ ಬೆಲ್ಟು. ನೋವಿದ್ದವರು ಹಾಕಿಕೊಳ್ಳುತ್ತಾರಲ್ಲ, ಕಪ್ಪಗೆ, ಎಳೆದರೆ ಕರ್ ಅನ್ನುವ ಪಟ್ಟಿ ಇರುವುದು.

ಭಾನುವಾರದಿಂದ ಈ ಮನುಷ್ಯನ ಮೇಲೆ ಹಲ್ಲು ಕಡಿಯುತ್ತಿದ್ದೇನೆ, ಇವನು ನೋಡಿದರೆ ಯಾರಿಗೂ ಹೇಳದೆ ಇದನ್ನು ತರಿಸಿದ್ದಾನೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಷ್ಟು ಮೆತ್ತಗಿದೆ ನೋಡೋ" ಅಂದಳು. ಸೀರೆ ಮೇಲೆಯೇ ಬಲಭುಜಕ್ಕೆ ಒತ್ತಿ ಹಿಡಿದುಕೊಂಡಳು. ದೊಡ್ಡದಾಗಿತ್ತು. "ಪಿನ್ ಹಾಕ್ಕೊಂಡ್ರಾಯ್ತು" ಅಂದಳು.

ಅಪ್ಪ ಕೊಟ್ಟಿಗೆಯಿಂದ ಬಂದ.

"ಬಂತಾ? ಕೊಡಿಲ್ಲಿ. ರೀಲಿದ್ರೂ ಎಸೆಯೋವಾಗ ಸ್ವಲ್ಪ ಹಿಡ್ಕೊಳ್ತಿತ್ತು, ಅದಕ್ಕೇ ತರಿಸ್ದೆ."

ಅಂಗಿ ಮೇಲೆಯೇ ತೋಳು ತೂರಿಸಿದ. ಹಿಂದಿನ ಪಟ್ಟಿ ಅವನ ಕೈಗೆ ಸಿಗಲಿಲ್ಲ. "ಇದನ್ನ ಸ್ವಲ್ಪ ಮೇಲಿಂದ ಎಳೆದು ಕಟ್ಟೇ" ಅಂದ ಅಮ್ಮನಿಗೆ.

ಅಮ್ಮ ಕೈಯೆತ್ತಿದಳು. ಎದೆ ಮಟ್ಟಕ್ಕೆ ಬಂದು ನಿಂತಿತು. 'ಆಗುತ್ತೆ' ಅನ್ನುವ ಹಾಗೆ ಇನ್ನೊಮ್ಮೆ ಎತ್ತಿದಳು. ಆಗಲಿಲ್ಲ. ನನ್ನನ್ನು ಕರೆದಳು.

"ನನ್ ಕೈ ಅಲ್ಲೀವರ್ಗೂ ಹೋಗಲ್ಲ ಕಣೋ. ನೀನೇ ನಿಮ್ಮಪ್ಪಂಗೆ ಕಟ್ಬಿಡು."

ಕಟ್ಟಿದೆ. ಅಪ್ಪ ಭುಜ ಕುಣಿಸಿ ನೋಡಿದ, ಆರಾಮಾಗಿದೆ ಅಂದ, ರಾಡು ತೆಗೆದುಕೊಂಡು ಕೆರೆ ಕಡೆ ಹೋದ. ಅಮ್ಮ ಎಸರಿಡೋಕೆ ಒಳಗೆ ಹೋದಳು.

ನಿಮ್ಮ ಮನೆಯಲ್ಲಿ ಯಾರಿಗೆ ಭುಜ ನೋವು ಬಂದರೆ ಪಾರ್ಸಲ್ ಬರುತ್ತದೆ?