ನಾನು ತಿನ್ನದ ತುತ್ತು

ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿದ್ದು ಮಾನ್ವಿಯಲ್ಲಿ. ನಿಜಾಮರ ಆಳ್ವಿಕೆ, ಎರಡನೇ ಮಹಾಯುದ್ಧದ ಕಾಲ. ರಾಯಚೂರಿನಲ್ಲಿ ಓದು ಮುಗಿಸಿ ಅಲ್ಲಿನ ಸರ್ಕಾರಿ ಶಾಲೆಗೆ ಮಾಸ್ತರನಾಗಿ ಹೋಗಿದ್ದೆ. ಶಾಲೆಗೆ ಅಂಟಿಕೊಂಡಂತೆ ಕೂಲಿಯವರ ಮಕ್ಕಳ ಬೋರ್ಡಿಂಗು ಇತ್ತು. ಬಡಿಸುವ ಮೊದಲು ಮಾಸ್ತರನೊಬ್ಬ ಅದೇ ಅಡುಗೆಯ ಒಂದು ತುತ್ತು ತಿಂದು, ಹೇಗಿದೆಯೆಂದು ವಹಿಯಲ್ಲಿ ಬರೆದು ಸಹಿ ಹಾಕಬೇಕೆಂಬುದು ಅಲ್ಲಿಯ ಕಾನೂನು. ಆ ಕೆಲಸ ನನ್ನ ಪಾಲಿಗೆ ಬಂತು.

ಕೊರಳಲ್ಲಿ ಲಿಂಗ, ಅಂಗಡಿಕಾರರ ಮನೆತನ. ಊರಾಚೆಯ ಕೇರಿಯವರ ಕೈಯಡುಗೆ ನಾನು ತಿನ್ನುವುದೇ? ಬಾಗಿಲಲ್ಲೇ ನಿಂತು, ಮೂಗಿಗೆ ಧೋತರದ ಚುಂಗು ಹಿಡಿದು, ‘ಖಾನಾ ಉಮ್ದಾ’, ಊಟ ಬಹಳ ಚೆನ್ನ, ಎಂದು ಉರ್ದುವಿನಲ್ಲಿ ಗೀಚಿ ಹೊರಟುಬಿಡುತ್ತಿದ್ದೆ.

ಆ ಮಳೆಗಾಲ ಸರ್ಕಾರಿ ಗೋದಾಮಿನಿಂದ ಬಂದ ಜೋಳ ಮುಗ್ಗಿತ್ತು. ಹಿಟ್ಟಿನಲ್ಲಿ ಹುಳು ಹರಿದಾಡುತ್ತಿದ್ದವು. ಅಡುಗೆಯಾಕೆ ದೇವದುರ್ಗದ ಕಡೆಯ ಮಸರಕಲ್ಲಿನ ವಿಧವೆ. ಒಂದು ದಿನ ರೊಟ್ಟಿ ಮುರಿದು ನನ್ನೆದುರು ಹಿಡಿದಳು.

“ಯಪ್ಪಾ, ಒಂದ್ ತುತ್ತ ಬಾಯಾಗ ಹಾಕ್ಕೊಂಡು ನೋಡ್ರಿ. ವಿಷದಂಗ ಕಹಿ ಅದ. ಹುಡುಗ್ರು ವಾಂತಿ ಮಾಡಾಕತ್ಯಾವ. ನಾ ಹೇಳಿದ್ರ ಯಾರ್ ಕೇಳ್ತಾರ್ರಿ? ನೀವು ಬರದ್ರ ಜ್ವಾಳ ಬದ್ಲಿ ಕೊಡ್ತಾರ.”

“ನೋಡೋಣು, ನೋಡೋಣು,” ಎಂದೆ. ಕೆಟ್ಟಿದೆ ಎಂದು ಬರೆದರೆ ವಿಚಾರಣೆ ಬರುತ್ತದೆ. ತಿಂದಿರೇನು ಎಂದು ಕೇಳುತ್ತಾರೆ. ಹೌದೆಂದರೆ ಓಣಿ ತುಂಬ ಸುದ್ದಿ, ಇಲ್ಲವೆಂದರೆ ನೌಕರಿಗೆ ಕುತ್ತು. ಮತ್ತೆ ‘ಉಮ್ದಾ’ ಎಂದೇ ಬರೆದೆ. ಅದೇ ಮಧ್ಯಾಹ್ನ ಆರೋಗ್ಯದ ಪಾಠ: ಹುಳು ಬಿದ್ದ ಧಾನ್ಯ ತಿನ್ನಬಾರದು, ಹಾಲು, ಹಣ್ಣು, ಸೊಪ್ಪು ತಿನ್ನಬೇಕು. ಬೋರ್ಡಿಂಗಿನ ಮಕ್ಕಳು ಹೊಟ್ಟೆ ಹಿಡಿದುಕೊಂಡೇ ಅದನ್ನು ಬಾಯಿಪಾಠ ಒಪ್ಪಿಸಿದರು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ರಾಯಚೂರಿನಿಂದ ಶಾಲಾ ಇನ್‌ಸ್ಪೆಕ್ಟರು ಬಂದಾಗ ಆಕೆ ಹಿಟ್ಟಿನ ಬುಟ್ಟಿಯನ್ನೇ ಅವರ ಮುಂದಿಟ್ಟಳು. ಅವರು ವಹಿ ತಿರುವಿದರು.

“ಮಾಸ್ತರು ದಿನಾ ಉಂಡು ಚಲೋ ಅದ ಅಂತ ಬರದಾರ. ಚಲೋ ಜ್ವಾಳ ಮಾರ್ಕೊಂಡು, ಹುಳದ್ದು ತಂದಿಟ್ಟೀ ಏನ್ ಬೇ?”

ಆಕೆ ನನ್ನ ಕಡೆ ತಿರುಗಿದಳು. “ನೀವಾ ಹೇಳ್ರಿ ಯಪ್ಪಾ. ಒಂದ್ ದಿನಾರ ಉಂಡೀರೇನು?”

ಇಲ್ಲ ಎಂಬ ಒಂದೇ ಮಾತು ಆಕೆಯನ್ನು ಉಳಿಸುತ್ತಿತ್ತು, ಮಕ್ಕಳಿಗೆ ಬೇರೆ ಜೋಳ ತರಿಸುತ್ತಿತ್ತು.

“ದಿನಾ ಉಂಡೀನ್ರಿ,” ಎಂದು ಇನ್‌ಸ್ಪೆಕ್ಟರಿಗೆ ಹೇಳಿದೆ. ಯಾವ ಸುದ್ದಿಗೆ ಹೆದರಿ ಉಂಡಿರಲಿಲ್ಲವೋ ಅದನ್ನೇ ನೌಕರಿಗಾಗಿ ಬಾಯಾರೆ ಒಪ್ಪಿಕೊಂಡೆ.

ಕಳ್ಳಿ ಎಂದು ಆಕೆಯನ್ನು ಅಂದೇ ಬಿಡಿಸಿದರು. ಹೋಗುವಾಗ ಮಕ್ಕಳ ತಲೆ ಸವರಿದಳು, ನನ್ನ ಕಡೆ ನೋಡಲೂ ಇಲ್ಲ. ಸಂಜೆ ಬೇರೊಬ್ಬಳು ಅದೇ ಹಿಟ್ಟಿನಲ್ಲಿ ರೊಟ್ಟಿ ಬಡಿದಳು. ನಾನು ಬಾಗಿಲಲ್ಲಿ ನಿಂತು ಸಹಿ ಹಾಕಿದೆ.